ಕಲ್ಲಿನ ಪಾಲಿನ ಅಚ್ಚು

ಅವರ ಕೈ ನಡುಗುತ್ತಿತ್ತಂತೆ. ಹೋದ ತಿಂಗಳು ಬಾದಾಮಿಯಲ್ಲಿ ನಡೆದ ಕಾಕಾನ ಶೋಕಸಭೆಯಲ್ಲಿ ನಮ್ಮ ಪುರಾತತ್ವ ಕಚೇರಿಯ ಸಾಹೇಬರು ಎದ್ದು ನಿಂತು ಹೇಳಿದ್ದು ಹೀಗೆ: ‘ಮನುಷ್ಯ ಬಂಗಾರದಂಥವ. ಆದ್ರ ವಯಸ್ಸಾಗಿತ್ತು, ಕೈ ನಡುಗಿತು, ಶಾಸನ ಕೆಟ್ಟಿತು.’ ಸಭೆ ತಲೆದೂಗಿತು. ಈಗ ಊರೆಲ್ಲ ಅದನ್ನೇ ಹೇಳುತ್ತದೆ.

ಆ ಕೈಯನ್ನು ನಾನು ಹತ್ತಿರದಿಂದ ಕಂಡವನು. ಅಂಗೈ ಗೆರೆಗಳಿಗೆಲ್ಲ ಮಸಿ ಇಳಿದಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಂಚಿನವರೆಗೆ ಚಹಾ ತುಂಬಿದ ಬಸಿಯನ್ನು ಆ ಕೈಯಲ್ಲಿ ಹಿಡಿದು ಅವರು ಗುಡ್ಡದ ಮೆಟ್ಟಿಲು ಏರುತ್ತಿದ್ದರು. ಒಂದು ಹನಿ ಚೆಲ್ಲಿದ್ದನ್ನು ನಾನು ನೋಡಿಲ್ಲ.

ರಾಜ್ಯ ಒಂದಾದ ಮರುವರ್ಷ, ಚರ್ಚಾಸ್ಪರ್ಧೆಯಲ್ಲಿ ಗೆದ್ದ ಎರಡು ಬೆಳ್ಳಿ ಬಟ್ಟಲುಗಳ ಸೊಕ್ಕು ಹೊತ್ತುಕೊಂಡು ನಾನು ಬಾಗಲಕೋಟೆಯಿಂದ ಪುರಾತತ್ವದ ತರಬೇತಿಗೆ ಬಂದೆ. ಸಾಹೇಬರು ನನ್ನನ್ನು ಕಾಕಾನ ಕೈಕೆಳಗೆ ಹಾಕಿದರು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಶಾಸನದ ಕಲ್ಲಿಗೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುವುದು ಅವರ ಕೆಲಸ. ಹಳೆಯ ಲಿಪಿಯ ಒಂದಕ್ಷರವೂ ಅವರಿಗೆ ಓದಲು ಬರುತ್ತಿರಲಿಲ್ಲ. ಮೊದಲ ದಿನವೇ ಅದನ್ನು ಕೆಣಕಿದೆ.

‘ಓದಾಕ ಬರದs ಅಚ್ಚು ಸರಿ ಬಂದೈತಿ ಅಂತ ಹೆಂಗ ಹೇಳ್ತೀರಿ ಕಾಕಾ?’

‘ನಿಮ್ಮವ್ವ ರೊಟ್ಟಿ ಬಡಿಯೂ ಮುಂದ ಪುಸ್ತಕ ಓದ್ತಾಳೇನಲೇ?’ ಎಂದು ಬ್ರಷ್ಷನ್ನು ನನ್ನ ಕೈಗಿಟ್ಟರು. ‘ಮದ್ಲ ನಿನ್ನ ಗಲ್ಲಕ್ಕ ಹೊಡ್ಕೋ.’

ಹೊಡೆದುಕೊಂಡೆ. ಚುರ್ರೆಂದಿತು.

‘ನಿನಗ ಹತ್ತಿದ್ದು ಕಲ್ಲಿಗೂ ಹತ್ತತೈತಿ. ನಮ್ಮ ಬಾದಾಮಿ ಕಲ್ಲು ಭಾಳ ಮೆತ್ತಗ, ತಮ್ಮಾ. ಬ್ರಷ್ ಇನ್ನಷ್ಟು ನೆನಿಲಿ.’

ಅವರೂ ದಿನಾ ಮುಂಜಾನೆ ಗಲ್ಲಕ್ಕೆ ಹೊಡೆದುಕೊಂಡೇ ಕೆಲಸ ಶುರು ಮಾಡುತ್ತಿದ್ದರು. ಪ್ರತಿ ಶಾಸನಕ್ಕೂ ಎರಡು ಅಚ್ಚು. ‘ಒಂದು ಸಾಹೇಬ್ರಿಗೆ, ಒಂದು ಕಲ್ಲಿಗೆ’ ಎನ್ನುತ್ತಿದ್ದರು. ಕಲ್ಲಿನ ಪಾಲಿನದಕ್ಕೆ ಪೆನ್ಸಿಲ್ಲಿನಿಂದ ತಾರೀಖು ಬರೆದು, ಅಂಚಿಗೆ ‘೨’ ಎಂದು ಹಾಕಿ, ಗುಳೇದಗುಡ್ಡದ ತಮ್ಮ ಮನೆಯಲ್ಲಿ ಮಗ್ಗದ ಮೇಲಿದ್ದ ತಗಡಿನ ಕೊಳವೆಗೆ ಸೇರಿಸುತ್ತಿದ್ದರು. ಕಚೇರಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮುದುಕನ ಹುಚ್ಚು ಎಂದುಕೊಂಡಿದ್ದೆ.

ಶಿವಯೋಗ ಮಂದಿರದ ದಾರಿಯ ಹೊಲವೊಂದರಲ್ಲಿ ಹನ್ನೊಂದು ಸಾಲಿನ ಶಾಸನ ಸಿಕ್ಕಿತು. ಸೋಮವಾರ ಕಾಕಾ ಎಂದಿನಂತೆ ಎರಡು ಅಚ್ಚು ತೆಗೆದರು. ಕಾಗದದ ತುದಿ ಹಿಡಿದವನು ನಾನು. ಗುರುವಾರ ಸಾಹೇಬರಿಗೆ ಅವಸರ. ಮೇಲಧಿಕಾರಿಗಳು ಬರುವ ಮುಂಚೆ ಕಲ್ಲು ಕಚೇರಿಯ ಅಂಗಳದಲ್ಲಿರಬೇಕು. ಎತ್ತು ತರಿಸಿದರು, ಎಳೆದೊಯ್ಯಲು ಕಲ್ಲಿಗೆ ಕಬ್ಬಿಣದ ಸರಪಳಿ ಬಿಗಿಸಿದರು.

‘ಸಾಹೇಬ್ರ, ಒಂದಿನ ತಡೀರಿ. ಜ್ವಾಳದ ಕಣಕಿ ಸುತ್ತಿ ಬಂಡ್ಯಾಗ ಹಾಕೂಣು. ಸರಪಳಿ ಅಕ್ಷರ ತಿಂತೈತ್ರಿ.’

‘ನೀ ಮಸಿ ಬಡಿ. ಉಳಿದದ್ದು ನನಗ ಬಿಡು.’

ಅಂಗಳ ಮುಟ್ಟಿದಾಗ ಕೊನೆಯ ಮೂರು ಸಾಲುಗಳು ಕೆಂಪು ಹುಡಿಯಾಗಿ ಸರಪಳಿಗೆ ಮೆತ್ತಿಕೊಂಡಿದ್ದವು. ಕಾಕಾ ಆ ಹುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ಸಾಹೇಬರ ವರದಿ ಹೇಳಿದ್ದೇ ಬೇರೆ: ಅಚ್ಚು ತೆಗೆಯುವಾಗ ಬ್ರಷ್ಷಿನ ಹೊಡೆತಕ್ಕೆ ಅಕ್ಷರಗಳು ಉದುರಿವೆ.

ವಿಚಾರಣೆಯ ದಿನ ನಾನು ಖರೆ ಹೇಳಲೆಂದೇ ಹೋಗಿದ್ದೆ. ಬಾಗಿಲಲ್ಲಿ ಕಾಕಾ ನನ್ನ ರಟ್ಟೆ ಹಿಡಿದರು.

‘ಸುಮ್ಮನಿರು. ಇನ್ನ ಮೂರು ತಿಂಗಳಿಗೆ ನಿನ್ನ ತರಬೇತಿ ಮುಗೀತೈತಿ. ನನ್ನ ಕೂಡ ನೀನೂ ಮನಿಗೆ ಹೋದ್ರ ಈ ಬ್ರಷ್ ಹಿಡಿಯವರು ಯಾರಲೇ?’

ಬೆಳ್ಳಿ ಬಟ್ಟಲು ಗೆದ್ದ ಬಾಯಿ ಮುಚ್ಚಿಕೊಂಡಿತು. ಅವರನ್ನು ಮನೆಗೆ ಕಳಿಸಿದರು. ನನಗೆ ಪ್ರಮಾಣಪತ್ರ ಸಿಕ್ಕಿತು, ಅದೇ ಸಾಹೇಬರ ಸಹಿಯೊಂದಿಗೆ.

ಶೋಕಸಭೆ ಮುಗಿಸಿ ಗುಳೇದಗುಡ್ಡಕ್ಕೆ ಹೋದಾಗ ಅವರ ಹೆಂಡತಿ, ನಮ್ಮ ಕಾಕು, ಮಗ್ಗ ನಿಲ್ಲಿಸಿ ಎದ್ದು ಬಂದರು. ‘ಕೆಲಸ ಹೋದಮ್ಯಾಲೂ ಮುಂಜಾನೆದ್ದು ಗಲ್ಲಕ್ಕ ಬ್ರಷ್ ಹೊಡ್ಕೊಂಡು ಸುಮ್ಮನ ಕೂಡ್ತಿದ್ರಪಾ. “ಕಲ್ಲು ಒಡಿಯೂ ಹಂಗ ನನ್ನ ಕೈ ಹೊಡಿತೈತೇನs” ಅಂತ ನನ್ನ ಕೇಳ್ತಿದ್ರು’ ಎಂದು ಆ ತಗಡಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟರು.

ಸತ್ತವರ ವಿಷಯ, ಬಿಟ್ಟುಬಿಡು ಎನ್ನುವ ಹಿರಿಯರಿದ್ದಾರೆ. ಬಿಡುವುದಿಲ್ಲ. ಅಂದು ಮುಚ್ಚಿದ ಬಾಯಿಯ ಸೇಡನ್ನು ನಾನು ನನ್ನ ಮೇಲೂ ತೀರಿಸಿಕೊಳ್ಳಬೇಕು, ಸಾಹೇಬರ ಮೇಲೂ.

ಸಾಹೇಬರೇ, ಆ ಶಾಸನದ ಮೇಲೆ ನೀವು ಬರೆದ ಲೇಖನ ಓದಿದ್ದೇನೆ. ಹನ್ನೊಂದು ಸಾಲನ್ನೂ ಒಂದಕ್ಷರ ಬಿಡದೆ ಓದಿದ್ದೀರಿ. ಕಲ್ಲಿನ ಮೇಲೆ ಉಳಿದಿದ್ದು ಎಂಟೇ ಸಾಲು. ಹಾಗಾದರೆ ನೀವು ಓದಿದ್ದು ಕಾಕಾ ಕೊಟ್ಟ ಮೊದಲ ಅಚ್ಚಿನಿಂದ. ಅದನ್ನು ತೆಗೆದಾದ ಮೇಲೆ, ಇನ್ನೊಮ್ಮೆ ಬಡಿದಾಗ ಒಡೆಯಿತು ಎನ್ನುತ್ತೀರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೆಯೇ ಜಾರಿಕೊಳ್ಳುತ್ತಿದ್ದೆ. ಆದರೆ ಎರಡನೆಯ ಅಚ್ಚು ಈಗ ನನ್ನ ಮೇಜಿನ ಮೇಲಿದೆ. ಅದೇ ಸೋಮವಾರದ ತಾರೀಖು, ಅಂಚಿನಲ್ಲಿ ‘೨’, ಕೊನೆಯ ಮೂರು ಸಾಲೂ ಇಡಿಯಾಗಿವೆ. ಮೂರನೆಯದನ್ನು ಅವರು ತೆಗೆಯಲೇ ಇಲ್ಲ.

ಹಾಗಾದರೆ ಆ ಕೈ ನಡುಗಿದ್ದು ಯಾವಾಗ, ಸಾಹೇಬರೇ?