ಗಾರೆ ಪುಟ್ಟಮಾದಪ್ಪನ ಮೇಲೆ ಹೊರಿಸಿದ ತಪ್ಪು

ಕೊಳ್ಳೇಗಾಲದ ನಮ್ಮ ಕಥೆತೋಟಕ್ಕೆ ಭಾನುವಾರ ಬಂದವರು ಪುಟ್ಟಮಾದಪ್ಪನನ್ನು ನೋಡಿಯೇ ಇರುತ್ತಾರೆ, ಗಮನಿಸಿರುವುದಿಲ್ಲ ಅಷ್ಟೆ. ಯಾವುದಾದರೂ ಬೊಂಬೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಪಕ್ಕದಲ್ಲಿ ಗಾರೆ ಕಲಸಿದ ಬಾಂಡ್ಲಿ ಇಟ್ಟುಕೊಂಡು, ಕರಣೆಯಿಂದ ಬಿರುಕು ಮುಚ್ಚುತ್ತಿರುವ ತೆಳ್ಳಗಿನ ಮನುಷ್ಯ. ತಲೆಗೆ ಟವೆಲ್ ಸುತ್ತಿರುತ್ತಾನೆ. ಮಕ್ಕಳು ಹತ್ತಿರ ಬಂದರೆ ಮಾತಾಡದೆ ಸರಿದು ದಾರಿ ಬಿಡುತ್ತಾನೆ. ವಯಸ್ಸು ಐವತ್ತೊಂಬತ್ತು. ನನಗಿಂತ ಆರು ವರ್ಷಕ್ಕೆ ಚಿಕ್ಕವನು, ಹನ್ನೆರಡು ವರ್ಷದಿಂದ ಜೊತೆಯಲ್ಲಿ ಕೆಲಸ ಮಾಡಿದವನು, ಆದ್ದರಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ.

ಈ ತೋಟ ಸರ್ಕಾರದ್ದಲ್ಲ. ನಮ್ಮ ಜೊತೆ ಇದನ್ನು ನೋಡಿಕೊಳ್ಳುವ ನೇಕಾರ ಗೋವಿಂದಯ್ಯನವರ ತಂದೆ, ರೇಷ್ಮೆ ಎಳೆಗಳನ್ನು ಉದ್ದಕ್ಕೆ ಹಾಸಿ ಸರಿಮಾಡಲು ಇಟ್ಟುಕೊಂಡಿದ್ದ ಜಾಗವನ್ನು ಒಬ್ಬ ಡ್ರಾಯಿಂಗ್ ಮೇಷ್ಟರಿಗೆ ಬಿಟ್ಟುಕೊಟ್ಟಿದ್ದರು. ಆ ಮೇಷ್ಟರು ನಮ್ಮ ಬೀದಿಯ ಮುದುಕಿಯರು ಮಗ್ಗದ ಪಕ್ಕ ಕೂತು ಮೊಮ್ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನು ಬರೆದುಕೊಂಡು, ಒಂದೊಂದು ಕಥೆಗೂ ಒಂದೊಂದು ಗಾರೆಬೊಂಬೆ ಮಾಡಿದರು. ಮಗ್ಗದಲ್ಲಿ ಕೂತ ಕರಡಿ, ಬಾವಿ ನುಂಗಿದ ಮೀನು, ಬಾಯಲ್ಲಿ ಹೊಕ್ಕು ಕಿವಿಯಲ್ಲಿ ಹೊರಬರಬಹುದಾದ ರಾಕ್ಷಸ. ಮೇಷ್ಟರು ತೀರಿಕೊಂಡು ಬಹಳ ಕಾಲವಾಯಿತು. ಈಗ ನಾವು ಹನ್ನೊಂದು ಜನ ಸಂಬಳವಿಲ್ಲದೆ ನಡೆಸುತ್ತಿದ್ದೇವೆ. ಭಾನುವಾರ ಮಾತ್ರ ಗೇಟು ತೆಗೆಯುತ್ತೇವೆ. ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತಳಾದವಳು ನಾನು. ಬಂದ ಮನೆಯವರನ್ನೆಲ್ಲ ಬೊಂಬೆಯಿಂದ ಬೊಂಬೆಗೆ ಕರೆದುಕೊಂಡು ಹೋಗಿ ಕಥೆ ಹೇಳುವುದು ನನ್ನ ಪಾಲಿನ ಕೆಲಸ.

ತೋಟದ ನಡುವೆ ಒಂದು ನವಿಲಿದೆ. ಎಲ್ಲ ಹಕ್ಕಿಗಳಿಗೂ ಬಣ್ಣ ಹಂಚಿದ ನವಿಲು. ಅದರ ಕತ್ತಿನಲ್ಲಿ ಬಳೆ ತೊಡಿಸಿದಂತೆ ಒಂದು ದಪ್ಪ ಗೆರೆ ಕಾಣುತ್ತದೆ, ಎಷ್ಟು ಬಣ್ಣ ಬಳಿದರೂ ಹೋಗುವುದಿಲ್ಲ. ಮಕ್ಕಳು ಅದನ್ನು ಕೇಳದೆ ಬಿಡುವುದಿಲ್ಲ. ಕೇಳಿದಾಗ ನಾನು ನವಿಲಿನ ಕಥೆ ನಿಲ್ಲಿಸಿ ಇನ್ನೊಂದು ಕಥೆ ಹೇಳುತ್ತಿದ್ದೆ. ಹಿಂದೆ ಒಬ್ಬ ತುಂಟ ಹುಡುಗ ಈ ನವಿಲಿನ ಮೇಲೆ ಹತ್ತಿ ಕತ್ತು ಮುರಿದ. ನಾನಲ್ಲ ಎಂದು ಸುಳ್ಳು ಹೇಳಿದ. ಆಮೇಲೆ ಅವನಿಗೆ ಬುದ್ಧಿ ಬಂದು, ಗಾರೆ ಕೆಲಸ ಕಲಿತು, ಅದನ್ನು ತಾನೇ ಸರಿಮಾಡಿದ. ಇವತ್ತಿಗೂ ಪ್ರತಿ ವಾರ ಬಂದು ಇಲ್ಲಿನ ಬೊಂಬೆಗಳನ್ನೆಲ್ಲ ನೋಡಿಕೊಳ್ಳುತ್ತಾನೆ, ಅಗೋ ಅಲ್ಲಿ ಕೂತಿದ್ದಾನಲ್ಲ, ಅವನೇ. ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದರು. ಪುಟ್ಟಮಾದಪ್ಪ ತಲೆ ತಗ್ಗಿಸುತ್ತಿದ್ದ. ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆ. ಈ ಕಥೆ ನಾನು ಕಟ್ಟಿದ್ದಲ್ಲ, ನನಗಿಂತ ಮೊದಲು ಇದ್ದವರು ಹೇಳಿಕೊಟ್ಟದ್ದು. ಆದರೆ ಹನ್ನೆರಡು ವರ್ಷ ಹೇಳಿದವಳು ನಾನು.

ಹೋದ ಕಾರ್ತಿಕದ ಒಂದು ಭಾನುವಾರ ಮಾಂಬಳ್ಳಿಯಿಂದ ಒಂದು ಮನೆಯವರು ಬಂದರು. ಗುರುಪಾದಸ್ವಾಮಿ ಎನ್ನುವ ರೈತರು, ಅವರ ಸೊಸೆ ಮಾಲಿನಿ, ಆರು ವರ್ಷದ ಮೊಮ್ಮಗಳು ಲಿಖಿತಾ. ಗುರುಪಾದಸ್ವಾಮಿಯವರದು ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಒಳ್ಳೆಯ ಮೈಕಟ್ಟು. ಗೇಟಿನ ಹತ್ತಿರವೇ ನಿಂತುಬಿಟ್ಟರು. ಇದು ಇನ್ನೂ ಇದೆಯೆಂದು ಗೊತ್ತಿರಲಿಲ್ಲ, ಎಂದೋ ಹಾಳಾಗಿರಬೇಕು ಅಂದುಕೊಂಡಿದ್ದೆ ಎಂದರು. ಶಾಲೆಯಲ್ಲಿ ಗೆಳತಿಯರ ಬಾಯಲ್ಲಿ ಕೇಳಿ ಮಗು ಹಟ ಹಿಡಿದಿತ್ತಂತೆ.

ಕರಡಿ, ಮೀನು, ರಾಕ್ಷಸ ಎಲ್ಲ ಮುಗಿಸಿ ನವಿಲಿನ ಹತ್ತಿರ ಬಂದೆವು. ಲಿಖಿತಾ ಗೆರೆಯನ್ನು ಕೇಳಿದಳು. ನಾನು ಎಂದಿನಂತೆ ಹೇಳಿದೆ, ಎಂದಿನಂತೆ ಕೈ ತೋರಿಸಿದೆ. ಪುಟ್ಟಮಾದಪ್ಪ ಆ ದಿನ ಮೀನಿನ ಬಾಲದ ಬಳಿ ಇದ್ದ. ಗುರುಪಾದಸ್ವಾಮಿ ಅವನ ಕಡೆ ನೋಡಿದವರು ಅಲ್ಲೇ ಇದ್ದ ಕಲ್ಲುಬೆಂಚಿನ ಮೇಲೆ ಕೂತರು. ಸೊಸೆ ಗಾಬರಿಯಿಂದ ನೀರಿನ ಬಾಟಲಿ ತೆಗೆದಳು. ಅವರು ಬೇಡವೆಂದು ಕೈಯಾಡಿಸಿದರು. ನನ್ನನ್ನು ಹತ್ತಿರ ಕರೆದರು.

"ಅದ ಮುರ್ದೋನು ಅವ್ನಲ್ಲ ಕಣಮ್ಮ," ಅಂದರು. "ನಾನು."

ಮುಂದಿನದೆಲ್ಲ ನನಗೆ ಗೊತ್ತಾದದ್ದು ಆ ದಿನವೇ, ಅರ್ಧ ಅವರ ಬಾಯಿಂದ, ಅರ್ಧ ಪುಟ್ಟಮಾದಪ್ಪನ ಬಾಯಿಂದ.

ನಲವತ್ತೆಂಟು ವರ್ಷದ ಹಿಂದೆ ಮಾಂಬಳ್ಳಿಯ ಶಾಲೆಯಿಂದ ಐದನೇ ಕ್ಲಾಸಿನ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದರು. ಎತ್ತಿನ ಗಾಡಿ ಎರಡು. ಎರಡೂ ಗುರುಪಾದಸ್ವಾಮಿಯವರ ಮನೆಯವು. ಅದೇ ಮನೆಗೆ ಆಗ ಅಟ್ಟ ಕಟ್ಟುತ್ತಿದ್ದವನು ಪುಟ್ಟಮಾದಪ್ಪನ ಅಪ್ಪ. ಎಲ್ಲರೂ ಬುತ್ತಿ ಬಿಚ್ಚಿ ಉಣ್ಣುತ್ತಿರುವಾಗ ಗುರುಪಾದ ನವಿಲಿನ ಮೇಲೆ ಹತ್ತಿ ಕುದುರೆಯಂತೆ ಸವಾರಿ ಮಾಡಿದ. ಕತ್ತು ಹಿಡಿದು ಎಳೆದ. ಅದು ತಲೆಸಹಿತ ಕೈಗೆ ಬಂತು. ಅಲ್ಲೇ ಬಿಸಾಕಿ ಓಡಿಹೋಗಿ ಊಟದ ಸಾಲಿನಲ್ಲಿ ಕೂತ. ಇದನ್ನು ಕಂಡವನು ಪುಟ್ಟಮಾದಪ್ಪ ಒಬ್ಬನೇ. ಗಾರೆಯವನ ಮಗ, ಮುರಿದದ್ದನ್ನು ನೋಡಿಕೊಂಡು ಸುಮ್ಮನಿರಲಾರದೆ ಹೋಗಿ ಆ ತುಂಡನ್ನು ಎತ್ತಿ, ಹೊರಗೆ ಕಾಣುತ್ತಿದ್ದ ಕಂಬಿಗೆ ಸೇರಿಸಿ ಕೂರಿಸಲು ನೋಡಿದ. ಶಾಲೆಯ ಮೇಷ್ಟರು ತಿರುಗಿ ನೋಡಿದಾಗ ನವಿಲಿನ ತಲೆ ಅವನ ಕೈಯಲ್ಲಿತ್ತು.

ನಾನಲ್ಲ ಎಂದು ಅವನು ಹೇಳಿದ. ಹಾಗಾದರೆ ಯಾರು ಎಂದು ಕೇಳಿದಾಗ ಬಾಯಿ ಬಿಡಲಿಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ಮನೆಯ ಹುಡುಗನ ಹೆಸರು ಹೇಳುವ ಧೈರ್ಯ ಅವನಿಗಿರಲಿಲ್ಲ. ಗುರುಪಾದನೂ ಬಾಯಿ ಬಿಡಲಿಲ್ಲ. ಶಿಕ್ಷೆಯೆಂದು ಪುಟ್ಟಮಾದಪ್ಪನನ್ನು ಗಾಡಿ ಹತ್ತಿಸದೆ ಊರಿನವರೆಗೂ ಹಿಂದೆಯೇ ನಡೆಸಿಕೊಂಡು ಹೋದರು.

ಮನೆಯಲ್ಲಿ ಅಪ್ಪ ಕೇಳಿದ. ಅವನು ಮಾದಪ್ಪನ ಆಣೆ, ನಾನು ಮುರಿದಿಲ್ಲ ಅಂದ. ಅಪ್ಪ ಅಲ್ಲಿಯವರೆಗೆ ಕೈ ಎತ್ತಿರಲಿಲ್ಲ, ಆಗ ಹೊಡೆದ. ಮುರಿದದ್ದಕ್ಕಲ್ಲ, ದೇವರ ಹೆಸರಲ್ಲಿ ಸುಳ್ಳಾಡಿದ ಎಂದು. ಮಾರನೆಯ ದಿನದಿಂದ ಶಾಲೆ ಬಿಡಿಸಿ ಜೊತೆಯಲ್ಲಿ ಕೆಲಸಕ್ಕೆ ಕರೆದುಕೊಂಡು ಹೋದ. ಮುಂದಿನ ಭಾನುವಾರ ಇಬ್ಬರೂ ಕೊಳ್ಳೇಗಾಲಕ್ಕೆ ನಡೆದು ಬಂದು, ಡ್ರಾಯಿಂಗ್ ಮೇಷ್ಟರ ಕಾಲಿಗೆ ಬಿದ್ದು, ನವಿಲಿನ ಕತ್ತನ್ನು ಕೂರಿಸಿದರು. ಗಾರೆ ಕಲಸಿದ್ದು ಮಗ. ಅಪ್ಪ ಇಡೀ ದಿನ ಅವನೊಂದಿಗೆ ಮಾತಾಡಲಿಲ್ಲವಂತೆ. ಎರಡು ವರ್ಷ ಕಳೆದು ಸಂಸಾರವೇ ಕೊಳ್ಳೇಗಾಲಕ್ಕೆ ಬಂತು. ಅಪ್ಪ ಬದುಕಿರುವವರೆಗೂ ಪ್ರತಿ ವಾರ ಮಗನನ್ನು ತೋಟಕ್ಕೆ ಕಳಿಸಿದ. ಅಪ್ಪ ಹೋದ ಮೇಲೂ ಮಗ ಬರುವುದನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಕೈ ಪಳಗೋಗ್ಬುಟ್ಟದೆ ಅಂದಿದ್ದ, ಅಷ್ಟೆ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಗುರುಪಾದಸ್ವಾಮಿಯವರನ್ನು ನಾನು ಕೇಳಲಿಲ್ಲ. ಅವರೇ ಹೇಳಿಕೊಂಡರು. ಮೊದಲು ಅಪ್ಪನ ಹೆದರಿಕೆ. ಕ್ಲಾಸಿನಲ್ಲಿ ಪುಟ್ಟಮಾದಪ್ಪ ಕೂರುತ್ತಿದ್ದ ಜಾಗ ಖಾಲಿ ಇದ್ದದ್ದು ಕಾಣುತ್ತಿತ್ತು. ಆಮೇಲೆ ಆ ಜಾಗಕ್ಕೆ ಇನ್ನೊಬ್ಬ ಬಂದ. ದೊಡ್ಡವನಾದ ಮೇಲೆ, ಆಗಿಹೋದದ್ದನ್ನು ಈಗ ಕೆದಕಿ ಏನು ಎಂದುಕೊಂಡರಂತೆ.

ಅವರೇ ಎದ್ದು ಮೀನಿನ ಬೊಂಬೆಯ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ಪುಟ್ಟಮಾದಪ್ಪ ಅವರನ್ನು ನೋಡಿದ ಕೂಡಲೇ ಗುರುತು ಹಿಡಿದ. ಎದ್ದು ನಿಂತು, ತಲೆಯ ಟವೆಲ್ ತೆಗೆದ. ಗುರುಪಾದಸ್ವಾಮಿ ಅವನ ಎರಡೂ ಕೈ ಹಿಡಿದುಕೊಂಡು, ನನ್ನಿಂದ ತಪ್ಪಾಯಿತು ಎಂದರು. ಸಿಮೆಂಟು ಮೆತ್ತಿದ ಕೈಯನ್ನು ಅವನು ಮೆಲ್ಲಗೆ ಬಿಡಿಸಿಕೊಂಡ.

"ನಂಗೇಳಿ ಏನ್ಬಂತು ಬುದ್ದಿ," ಅಂದ. "ನಂಗೊತ್ತಿರೋದೇ ಅಲ್ವಾ. ನಮ್ಮವ್ವಂಗೇಳಿ."

ಅವನ ತಾಯಿ ದೊಡ್ಡಮಾದಮ್ಮ ಹನೂರಿನಲ್ಲಿ ಮಗಳ ಮನೆಯಲ್ಲಿದ್ದಳು. ಎಂಬತ್ತು ದಾಟಿತ್ತು. ಗುರುಪಾದಸ್ವಾಮಿ, ಈಗಲೇ ಹೋಗೋಣ ಎಂದರು. ಮಾಲಿನಿ ತಾನು ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಊರಿಗೆ ಹೋಗುವುದಾಗಿ ಹೇಳಿದಳು. ಬೇಡ, ಮಗುವೂ ಬರಲಿ, ಕೇಳಲಿ ಎಂದು ಗುರುಪಾದಸ್ವಾಮಿ ಹೇಳಿದರು. ಗೇಟನ್ನು ಗೋವಿಂದಯ್ಯನವರಿಗೆ ಒಪ್ಪಿಸಿ ನಾನೂ ಹೊರಟೆ. ಪುಟ್ಟಮಾದಪ್ಪ ಪಂಚೆಯ ಧೂಳು ಕೊಡವಿ ಕೊಡವಿ ಅವರ ಕಾರಿನಲ್ಲಿ ಕೂತ. ಹನೂರಿನವರೆಗೂ ಮಗು ಕಿಟಕಿಯಿಂದ ಕಂಡದ್ದನ್ನೆಲ್ಲ ಏನು ಏನು ಎಂದು ಕೇಳುತ್ತಿತ್ತು.

ಮುದುಕಿ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕಿವಿ ಪೂರ್ತಿ ಮಂದ. ಮಾಂಬಳ್ಳಿ ದೊಡ್ಡಮನೆಯವರು ಬಂದಿದ್ದಾರೆ ಎಂದು ಮಗ ಕಿವಿಯಲ್ಲಿ ಕೂಗಿ ಹೇಳಿದ. ಗುರುಪಾದಸ್ವಾಮಿ ಚಪ್ಪಲಿ ಬಿಟ್ಟು, ಜಗಲಿಯ ಕೆಳಗೆ ನೆಲದ ಮೇಲೆ ಕೂತರು. ನವಿಲು ಮುರಿದದ್ದು ನಾನು, ನಿಮ್ಮ ಮಗ ಅಲ್ಲ ಎಂದರು. ಅವಳು ಏನು ಎಂದಳು. ಇನ್ನೊಮ್ಮೆ ಹೇಳಿದರು. ಅವಳು ಕಿವಿಗೆ ಕೈ ಇಟ್ಟಳು. ಮೂರನೆಯ ಸಲ ಅವರು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು. ಎದುರುಮನೆಯ ಮುಂದೆ ಪಾತ್ರೆ ತೊಳೆಯುತ್ತಿದ್ದ ಹೆಂಗಸು ನಲ್ಲಿ ನಿಲ್ಲಿಸಿ ನೋಡಿದಳು. ಗುರುಪಾದಸ್ವಾಮಿಯವರ ಮುಖ ಬೆವರಿತ್ತು, ಆದರೆ ತಲೆ ತಗ್ಗಿಸಲಿಲ್ಲ.

ಮುದುಕಿ ಕಿವಿಯಿಂದ ಕೈ ತೆಗೆದಳು.

"ಅವತ್ತು ನೀನು ಗಾಡೀಲಿ ಕೂತ್ಕಂಡು ಬಂದ್ಯಾ?" ಎಂದು ಕೇಳಿದಳು.

ಅವರು ಹೌದೆಂದು ತಲೆಯಾಡಿಸಿದರು.

"ಇವ್ನು ನಡ್ಕಂಡ್ ಬಂದ. ಕಾಲೆಲ್ಲ ಬೊಬ್ಬೆ. ನಾನು ಎಣ್ಣೆ ಅಚ್ಚೂ ಇಲ್ಲ. ಸುಳ್ಳಾಡ್ದೋನ್ಗೆ ಏನು ಎಣ್ಣೆ ಅಂದೆ."

ಆಮೇಲೆ ಅವಳು ಅವರ ಕಡೆಯಿಂದ ತಿರುಗಿಬಿಟ್ಟಳು. ಮಗನನ್ನು ಹತ್ತಿರ ಕರೆದಳು. ಅವನು ಬಂದು ಪಕ್ಕದಲ್ಲಿ ಕೂತ. ಅವನ ನರೆತ ತಲೆಯ ಮೇಲೆ ಕೈ ಇಟ್ಟು ಸಣ್ಣ ದನಿಯಲ್ಲಿ ಹೇಳಿದಳು.

"ನಿಮ್ಮಪ್ಪ ಸಾಯೋಗಂಟ ಅದ್ನೇ ಮನಸ್ಸಲ್ಲಿಟ್ಕಂಡಿದ್ದ ಕಣ್ಲಾ. ನಾನೂ ನಂಬ್ನಿಲ್ಲ. ಮಾದಪ್ಪನ ಎಸ್ರೇಳ್ದೆ ನೀನು, ಆದ್ರೂ ನಂಬ್ನಿಲ್ಲ."

"ಓಗ್ಲಿ ಬುಡವ್ವ," ಅಂದ ಪುಟ್ಟಮಾದಪ್ಪ. ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದ. ಮುಖ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಗುರುಪಾದಸ್ವಾಮಿ ಇನ್ನೂ ನೆಲದ ಮೇಲೇ ಇದ್ದರು. ಏನಾದರೂ ಅನ್ನಲಿ, ಬೈಯಲಿ ಎಂದು ಕಾಯುತ್ತಿದ್ದರು ಎಂದು ನನಗನಿಸಿತು. ಮುದುಕಿ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನೆಲ ತಣ್ಣಗಿದೆ, ಮೇಲೆ ಏಳಪ್ಪ ಎಂದಳು. ಮಗಳು ಟೀ ತಂದಳು. ಎಲ್ಲರೂ ಕುಡಿದೆವು. ಲಿಖಿತಾ ಅಷ್ಟು ಹೊತ್ತೂ ತಾತನ ಬೆನ್ನ ಹಿಂದೆ ನಿಂತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಹೊರಡುವಾಗ ಅವರ ಕೈ ಹಿಡಿದುಕೊಂಡಳು.

ಅವರನ್ನು ನಾನು ಸುಲಭವಾಗಿ ದೂರಬಹುದಾಗಿತ್ತು. ಆದರೆ ರಾತ್ರಿ ಮಲಗಿದಾಗ ನೆನಪಾದದ್ದು ನನ್ನ ಬಾಯಿಯೇ. ಅವರು ಬಾಯಿ ಬಿಡದೆ ಸುಮ್ಮನಿದ್ದರು, ಅಷ್ಟೆ. ನಾನು ಪ್ರತಿ ಭಾನುವಾರ, ಊರೂರಿನ ಮಕ್ಕಳ ಮುಂದೆ, ಅವನ ಕಡೆ ಬೆರಳು ತೋರಿಸಿದ್ದೆ. ಮುಂದಿನ ವಾರ ಬೇಗನೆ ಹೋಗಿ, ಯಾರೂ ಬರುವ ಮೊದಲು ಅವನನ್ನು ಕೇಳಿದೆ. ಒಂದು ಸಲವಾದರೂ ನನ್ನನ್ನು ತಡೆಯಬಾರದಿತ್ತೇ?

ಅವನು ಮರಳು ಜರಡಿ ಹಿಡಿಯುತ್ತಿದ್ದ. ನಿಲ್ಲಿಸದೆ ಹೇಳಿದ, "ನೀವು ಚೆಂದಾಗ್ ಏಳ್ತಿದ್ರಿ ಟೀಚರಮ್ಮ. ಮಕ್ಳು ಕೇಳ್ತಿದ್ದೊ."

ನಾನು ಅಲ್ಲಿ ನಿಲ್ಲಲಾರದೆ ಗೇಟಿನ ಕಡೆ ಬಂದೆ.

ಈಗ ನಾನು ಬೇರೆ ರೀತಿ ಹೇಳುತ್ತೇನೆ. ಒಬ್ಬ ಹುಡುಗ ಮುರಿದ, ಇನ್ನೊಬ್ಬನ ಮೇಲೆ ತಪ್ಪು ಬಂತು, ತಪ್ಪು ಮಾಡದವನೇ ಸರಿಮಾಡಿದ. ತಮ್ಮ ಹೆಸರನ್ನೂ ಹೇಳಬೇಕೆಂದು ಗುರುಪಾದಸ್ವಾಮಿ ಒತ್ತಾಯಿಸಿದ್ದರು. ಪುಟ್ಟಮಾದಪ್ಪ ಒಪ್ಪಲಿಲ್ಲ. ಶಾಲೆಗೆ ಹೋಗುವ ಮೊಮ್ಮಗಳಿದ್ದಾಳೆ, ನಾಳೆ ಅವಳನ್ನು ಯಾರಾದರೂ ಆಡಿಕೊಂಡಾರು ಎಂದ. ಈ ಬರಹದಲ್ಲಿ ನಾನು ಅವರ ಹೆಸರು ಬರೆದಿರುವುದು ಅವರೇ ಎರಡನೆಯ ಸಲ ಬಂದು ಕೇಳಿಕೊಂಡದ್ದರಿಂದ, ಪುಟ್ಟಮಾದಪ್ಪನೂ ಕೊನೆಗೆ ಹೂಂ ಎಂದದ್ದರಿಂದ.

ಅವರಿಬ್ಬರೂ ಗೆಳೆಯರಾದರು ಎಂದು ಹೇಳುವಂತಿಲ್ಲ. ಗುರುಪಾದಸ್ವಾಮಿ ಆಗಾಗ ಭಾನುವಾರ ಬಂದು ನೀರು ಹೊರುತ್ತಾರೆ, ಬೇಲಿ ಕಟ್ಟುತ್ತಾರೆ. ಹೇಗಿದ್ದೀಯಾ ಎಂದರೆ ಪುಟ್ಟಮಾದಪ್ಪ ಚೆನ್ನಾಗಿದ್ದೀನಿ ಬುದ್ದಿ ಎನ್ನುತ್ತಾನೆ. ಬುದ್ದಿ ಅನ್ನಬೇಡ, ಹೆಸರು ಹಿಡಿದು ಕರಿ ಎಂದು ಅವರು ಎಷ್ಟು ಹೇಳಿದರೂ ಅವನ ನಾಲಿಗೆ ತಿರುಗುವುದಿಲ್ಲ.

ದೊಡ್ಡಮಾದಮ್ಮ ಶಿವರಾತ್ರಿ ಕಳೆದ ಮೇಲೆ ತೀರಿಕೊಂಡಳು. ಆ ಮೂರ್ನಾಲ್ಕು ತಿಂಗಳು ಜಗಲಿಯ ಮೇಲೆ ಕೂತು, ಬಂದವರಿಗೆಲ್ಲ, ನನ್ನ ಮಗ ಸುಳ್ಳಾಡಿರಲಿಲ್ಲ ಎಂದು ಹೇಳುತ್ತಿದ್ದಳೆಂದು ಅವಳ ಮಗಳು ಹೇಳಿದಳು. ಹಾಲು ಹಾಕಲು ಬಂದ ಹುಡುಗಿಗೂ ಹೇಳಿದಳಂತೆ.

ಮಣ್ಣು ಮಾಡುವ ದಿನ ನಾವು ತೋಟದವರು ಹನೂರಿಗೆ ಹೋಗಿದ್ದೆವು. ಗುರುಪಾದಸ್ವಾಮಿಯೂ ಬಂದಿದ್ದರು. ನೆಂಟರ ಗುಂಪಿನಿಂದ ದೂರ, ಒಂದು ಹೊಂಗೆಮರದ ಕೆಳಗೆ ನಿಂತಿದ್ದರು. ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು, ನಾವೂ ಹಾಕಿದೆವು. ಗುದ್ದಲಿಯವನು ಮುಚ್ಚಲು ಮುಂದೆ ಬಂದಾಗ ಪುಟ್ಟಮಾದಪ್ಪ ಕೈ ತೋರಿಸಿ ತಡೆದ. ಮರದ ಕಡೆ ತಿರುಗಿ, ಬನ್ನಿ ಎಂದ. ಅವರು ಬಂದು, ಬಗ್ಗಿ, ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡರು.