ಬೇಡ ಅಂದರೆ ನಿಲ್ಲದ ಗಾಡಿ

ಮೊದಲ ಸಲ ಡಿಮ್ ಸಮ್ ತಿನ್ನಲು ಹೋದವಳು ನಾನು ಹಸಿದುಕೊಂಡೇ ಮನೆಗೆ ಬಂದೆ. ಹೋಟೆಲಿನಲ್ಲಿ ತಿಂಡಿಗೆ ಬರವಿತ್ತು ಎಂದಲ್ಲ. ಮೂರು ಗಾಡಿ ತುಂಬ ತಿಂಡಿ ನನ್ನ ಮೇಜಿನ ಪಕ್ಕದಲ್ಲೇ ಹಾದುಹೋಯಿತು. ನಾನು ಮರ್ಯಾದೆಯಿಂದ ಕುಳಿತಿದ್ದೆ, ಅಷ್ಟೇ.

ಅದು ಚೀನಾದ ಕ್ಯಾಂಟನೀಸ್ ಜನರ ಹೋಟೆಲು. ಅಮೆರಿಕದ ಫಾಸ್ಟರ್ ಸಿಟಿಯಲ್ಲಿರುವ ನನ್ನ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ನಡಿಗೆ. ಒಂದು ಮಗ್ಗುಲಲ್ಲಿ ಲಾಂಡ್ರಿ, ಇನ್ನೊಂದು ಮಗ್ಗುಲಲ್ಲಿ ಹಲ್ಲಿನ ಡಾಕ್ಟರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಎದುರಿನಿಂದಲೇ ಕೆಲಸಕ್ಕೆ ಹೋಗಿ ಬಂದಿದ್ದೆ. ಒಂದೇ ಒಂದು ಸಲ ಗಂಡನನ್ನು ಕೇಳಿದ್ದೆ, "ಒಮ್ಮೆ ಹೋಗುವನಾ?" ಎಂದು. "ಅದೆಲ್ಲ ನಮಗೆ ಆಗುದಿಲ್ಲ" ಎಂದಿದ್ದರು. ನನಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದು ನನಗಿಂತ ಮೊದಲು ಅವರಿಗೇ ತಿಳಿಯುತ್ತಿತ್ತು. ಅವರು ತೀರಿಕೊಂಡು ಐದು ವರ್ಷವಾಯಿತು. ಹೋದ ವರ್ಷ ಲ್ಯಾಬಿನ ಕೆಲಸದಿಂದ ನಿವೃತ್ತಳಾದೆ. ಅದರ ಮುಂದಿನ ಶನಿವಾರವೇ ಒಬ್ಬಳೇ ನಡೆದುಕೊಂಡು ಹೋಗಿ ಆ ಹೋಟೆಲಿನಲ್ಲಿ ಕುಳಿತೆ.

ಅಲ್ಲಿ ಮೆನು ನೋಡಿ ಹೇಳುವ ಕ್ರಮವಿಲ್ಲ. ಹೆಂಗಸರು ಚಕ್ರದ ಗಾಡಿಗಳನ್ನು ತಳ್ಳಿಕೊಂಡು ಮೇಜುಗಳ ನಡುವೆ ಸುತ್ತುತ್ತಿರುತ್ತಾರೆ. ಗಾಡಿಯ ಮೇಲೆ ಒಂದರ ಮೇಲೊಂದು ಬಿದಿರಿನ ಸಣ್ಣ ಬುಟ್ಟಿಗಳು, ಒಳಗೆ ಹಬೆಯಲ್ಲಿ ಬೆಂದ ತಿಂಡಿ. ಮುಚ್ಚಳ ಎತ್ತಿ ತೋರಿಸುತ್ತಾರೆ. ಬೇಕೆಂದರೆ ಇಟ್ಟು, ಮೇಜಿನ ಚೀಟಿಗೆ ಒಂದು ಮುದ್ರೆ ಒತ್ತಿ ಹೋಗುತ್ತಾರೆ.

ನನ್ನ ಮೇಜಿಗೆ ಬಂದವಳು ಹೆಚ್ಚು ಕಡಿಮೆ ನನ್ನ ವಯಸ್ಸಿನವಳು, ಗಿಡ್ಡ, ಅಂಗಿಯ ತೋಳು ಕೊಳೆಯಾಗದಂತೆ ಬಟ್ಟೆಯ ಗವಸು ಹಾಕಿದವಳು. ಮುಚ್ಚಳ ಎತ್ತಿದಳು. ತೆಳ್ಳಗಿನ ಬಿಳಿ ಹಿಟ್ಟಿನ ಹಾಳೆಯೊಳಗೆ ಸೀಗಡಿ ಕೆಂಪಗೆ ಕಾಣುತ್ತಿತ್ತು. ನನ್ನ ಬಾಯಲ್ಲಿ ನೀರೂರಿತು. ನಾನು ನಗುತ್ತಾ ಕೈ ಅಲ್ಲಾಡಿಸಿ, "ನೋ, ನೋ" ಎಂದೆ.

ಅದು ಬೇಡವೆಂದಲ್ಲ. ನಮ್ಮಲ್ಲಿ ಹಾಗೆಯೇ. ಮಂಗಳೂರಿನ ನನ್ನ ತವರಿನಲ್ಲಿ ಯಾರ ಮನೆಗೆ ಹೋದರೂ ಮೊದಲ ಸಲ ಕೇಳಿದಾಗ "ಬೇಡ" ಎನ್ನಬೇಕು. ಎರಡನೆಯ ಸಲಕ್ಕೆ "ಅಯ್ಯೋ, ಈಗಷ್ಟೇ ತಿಂದು ಬಂದದ್ದು" ಎನ್ನಬೇಕು. ಮೂರನೆಯ ಸಲ ಅವರು ಒತ್ತಾಯ ಮಾಡಿ ಬಡಿಸಿಯೇ ಬಿಡುತ್ತಾರೆ, ಆಗ "ಇಷ್ಟೆಲ್ಲ ಯಾಕೆ" ಎಂದು ಗೊಣಗುತ್ತಾ ತಿನ್ನಬೇಕು. ಕೇಳಿದ ಕೂಡಲೇ ಹ್ಞೂಂ ಎನ್ನುವವರು ಬರಗೆಟ್ಟವರು ಎಂದು ಅಮ್ಮ ನಮ್ಮ ಕಿವಿ ಹಿಂಡಿ ಕಲಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಗಾಡಿಯವಳಿಗೆ ನಮ್ಮ ಅಮ್ಮನ ಪರಿಚಯವಿರಲಿಲ್ಲ. ಮುಚ್ಚಳ ಮುಚ್ಚಿದಳು, ಹೋದಳು. ಎರಡನೆಯ ಗಾಡಿ ಬಂತು, ಅದಕ್ಕೂ ನಕ್ಕೆ. ಮೂರನೆಯದಕ್ಕೂ ನಕ್ಕೆ. ಪ್ರತಿ ಗಾಡಿಗೂ ಅದು ಮೊದಲನೆಯ ಸಲವೇ ಆದ್ದರಿಂದ ನನ್ನ ಮೂರನೆಯ ಸಲ ಬರಲೇ ಇಲ್ಲ. ಚಹಾ ಮಾತ್ರ ಕುಡಿದು ಎದ್ದುಬಂದು, ಮನೆಯಲ್ಲಿ ತಂಗಳನ್ನಕ್ಕೆ ಮಾವಿನ ಮಿಡಿ ಹಾಕಿಕೊಂಡು ತಿಂದೆ. ಸಿಟ್ಟು ಬಂದಿತ್ತು. ಇನ್ನೊಂದು ಸಲ ಕೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಮರುದಿನ ಮಗ ಬಂದ. ಅವನು, ಸೊಸೆ, ಮೊಮ್ಮಗಳು ಪುಟ್ಟಿ ಇರುವುದು ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಎವರ್‌ಗ್ರೀನ್‌ನಲ್ಲಿ. ಕೈಯಲ್ಲೊಂದು ಕಾಗದ. ನಾನು ಅಪಾರ್ಟ್‌ಮೆಂಟು ಬಿಡುತ್ತಿದ್ದೇನೆ ಎಂದು ಇಲ್ಲಿನ ಆಫೀಸಿಗೆ ಕೊಡಬೇಕಾದ ನೋಟೀಸು. ಎಲ್ಲವನ್ನೂ ತುಂಬಿಸಿ ತಂದಿದ್ದ. ನನ್ನ ಸಹಿಯೊಂದು ಬಾಕಿ.

"ರೂಮಿಗೆ ಪೇಂಟ್ ಮಾಡ್ಸಿದೀನಮ್ಮ. ಕೆಳಗಡೆನೇ, ಸ್ಟೆಪ್ಸ್ ಹತ್ಬೇಕಾಗಿಲ್ಲ. ಪುಟ್ಟೀನ ಸ್ಕೂಲಿಂದ ಪಿಕಪ್ ಮಾಡಿದ್ರೆ ನಿಂಗೂ ಟೈಮ್ ಪಾಸ್ ಆಗುತ್ತೆ. ಈ ತಿಂಗಳ ಕೊನೆ ಒಳಗೆ ಇದನ್ನ ಕೊಡ್ಬೇಕು, ಆಯ್ತಾ?"

ಅವನ ಮನೆಗೆ ಹೋಗಿ ಇರುತ್ತೇನೆಂದು ನಾನು ಯಾವಾಗ ಹೇಳಿದೆ? ಯೋಚಿಸಿದಾಗ ನೆನಪಾಯಿತು. ಯುಗಾದಿಯ ದಿನ ಅವನು ಕೇಳಿದ್ದ. "ಛೇ, ನಿಮಗೆಂತಕ್ಕೆ ತೊಂದರೆ" ಎಂದಿದ್ದೆ. ಮತ್ತೆ ಕೇಳಿದಾಗ "ಇನ್ನು ನಿಮ್ಮಿಷ್ಟ ಮಗಾ" ಎಂದಿದ್ದೆ. ನನ್ನ ಮಟ್ಟಿಗೆ ಅದಕ್ಕಿಂತ ಖಡಕ್ಕಾಗಿ ಇಲ್ಲ ಎನ್ನಲು ಸಾಧ್ಯವಿರಲಿಲ್ಲ. ನನ್ನ ಅಕ್ಕತಂಗಿಯರಾಗಿದ್ದರೆ ಮುಖ ನೋಡಿಯೇ ಮಾತು ಬದಲಿಸುತ್ತಿದ್ದರು. ಇವನು ಎಂಟನೆಯ ವಯಸ್ಸಿಗೆ ಈ ದೇಶಕ್ಕೆ ಬಂದವನು. ನಿಮ್ಮಿಷ್ಟ ಎಂದರೆ ಒಪ್ಪಿಗೆ ಎಂದುಕೊಂಡು ಗೋಡೆಗೆ ಬಣ್ಣ ಹೊಡೆಸಿದ್ದ.

"ಕಾಗದ ಇಟ್ಟು ಹೋಗು, ನೋಡ್ತೇನೆ" ಎಂದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಜನ ಏನು ಹೇಳುತ್ತಾರೆಂದು ನನಗೆ ಗೊತ್ತು. ವಿಷಯ ಕೇಳಿದ ಗೆಳತಿಯರೆಲ್ಲ "ಪುಣ್ಯವಂತೆ ನೀನು, ಮಗ ಕರೀತಾನೆ" ಎಂದರು. ಹೌದು, ನನ್ನ ಮಗ ಒಳ್ಳೆಯವನು. ಆದರೆ ಹುಟ್ಟಿದ ಮನೆ ಅಪ್ಪನದು, ಸೇರಿದ ಮನೆ ಮಾವನದು, ಈ ದೇಶಕ್ಕೆ ಬಂದ ಮೇಲೆ ಇದ್ದದ್ದು ಗಂಡನ ಮನೆ. ಈಗ ಐದು ವರ್ಷದಿಂದ ಲಗೂನಿನ ಹಿನ್ನೀರು ಕಾಣುವ ಈ ಎರಡು ಕೋಣೆ ನನ್ನದು, ಬಾಡಿಗೆಯದ್ದಾದರೂ ನನ್ನದು. ಬಾಲ್ಕನಿಯ ಸರಳಿಗೆ ಬಸಳೆ ಬಳ್ಳಿ ಹಬ್ಬಿಸಿದ್ದೇನೆ. ಬೆಳಗ್ಗೆ ಆರಕ್ಕೆ ಎದ್ದರೂ ನನ್ನ ಲೆಕ್ಕ, ಒಂಬತ್ತಕ್ಕೆ ಎದ್ದರೂ ನನ್ನ ಲೆಕ್ಕ. ಮೀನು ಹುರಿದ ವಾಸನೆಗೆ ಯಾರೂ ಕಿಟಕಿ ತೆಗೆಯುವುದಿಲ್ಲ. ಇದನ್ನು ಬಿಟ್ಟು ಪೇಂಟ್ ಹೊಡೆದ ಕೋಣೆಯಲ್ಲಿ ಟೈಮ್ ಪಾಸ್ ಮಾಡಬೇಕೇ? ನನ್ನ ಟೈಮು ಪಾಸ್ ಮಾಡಿ ಮುಗಿಸಬೇಕಾದ ವಸ್ತುವೇ? ನಾಲ್ಕು ದಿನ ಮಗನ ಮೇಲೆ ಒಳಗೊಳಗೇ ಉರಿದೆ. ಆದರೂ ಒಂದು ಸಂಜೆ ಪೆನ್ನು ಹಿಡಿದು ಫ್ರಿಜ್ಜಿನ ಎದುರು ನಿಂತಿದ್ದೆ. ಮಗನಿಗೆ ಬೇಸರ ಮಾಡುವುದಕ್ಕಿಂತ ಸಹಿ ಹಾಕುವುದು ಸುಲಭ.

ಆಗ ಗಾಡಿಯವಳ ನೆನಪಾಯಿತು. ಅವಳ ಮೇಲೂ ಹೀಗೆಯೇ ಉರಿದಿದ್ದೆನಲ್ಲ? ಅವಳು ಮುಚ್ಚಳ ಎತ್ತಿ ಕೇಳಿದ್ದಳು. ಬೇಡ ಎಂದವಳು ನಾನು. ಮಗನೂ ಕೇಳಿದ್ದ, ನಿಮ್ಮಿಷ್ಟ ಎಂದವಳೂ ನಾನೇ. ಅರುವತ್ತೇಳು ವರ್ಷ ಬಾಯಿ ಇದ್ದೂ ಇಲ್ಲದವಳಂತೆ ಬದುಕಿ, ಎದುರಿನವರಿಗೆ ಮನಸ್ಸು ಓದಲು ಬರುವುದಿಲ್ಲವೆಂದು ಸಿಟ್ಟು ಮಾಡಿಕೊಂಡು ಕುಳಿತಿದ್ದೆ. ಪೆನ್ನು ಡಬ್ಬಿಗೆ ಹಾಕಿದೆ.

ಶನಿವಾರ ಮತ್ತೆ ಹೋದೆ. ಅದೇ ಹೆಂಗಸು ಬಂದಳು. ನನ್ನ ಬಾಯಿ ಅಭ್ಯಾಸಬಲದಿಂದ ನಗಲು ಹೊರಟಿತು, ಕೈ ಬೀಸಲು ಎದ್ದಿತು. ಅವಳು ಮುಚ್ಚಳವನ್ನು ಅರ್ಧಕ್ಕೆ ಹಿಡಿದು ಕೇಳಿದಳು, "ಯೆಸ್ ಆರ್ ನೋ?"

ಕೋಪವಿಲ್ಲ, ಪ್ರೀತಿಯೂ ಇಲ್ಲ. ಉತ್ತರ ಬೇಕಿತ್ತು ಅಷ್ಟೇ. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಚೊಕ್ಕವಾಗಿ ಕೇಳಿರಲಿಲ್ಲ.

"ಯೆಸ್" ಎಂದೆ. ಕಿವಿ ಬಿಸಿಯಾಯಿತು. ಸೀಗಡಿಯ ಬುಟ್ಟಿ ಬಂತು. ಒಳಗೆ ಕಾಲಿನ ಬೆರಳಿನಷ್ಟು ದಪ್ಪದ ಸೀಗಡಿ, ಕಚ್ಚಿದರೆ ಸಿಹಿ ನೀರು. ಪಕ್ಕದ ಗಾಡಿಯಲ್ಲಿ ಏನೋ ಎಲೆಯ ಪೊಟ್ಟಣ ಕಂಡಿತು. ಕೈ ಎತ್ತಿ ಕರೆದೆ. ಒಣಗಿದ ತಾವರೆ ಎಲೆಯೊಳಗೆ ಅಂಟು ಅಂಟಾದ ಅನ್ನ, ನಡುವೆ ಕೋಳಿ. ಎಲೆ ಬಿಡಿಸಿದ ಕೂಡಲೇ ಎದ್ದ ಹಬೆಗೆ, ಅಷ್ಟಮಿಯಂದು ಅಮ್ಮ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸುತ್ತಿದ್ದ ಕಡುಬು ನೆನಪಾಗಿ ಕಣ್ಣು ತುಂಬಿತು. ಆ ಕಡುಬು ಎರಡೇ ತಿಂದು "ಸಾಕು" ಎಂದು ಎದ್ದ ದಿನಗಳೂ ನೆನಪಾದವು. ನನಗೆ ಯಾವತ್ತೂ ನಾಲ್ಕು ಬೇಕಿತ್ತು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನೂ ಹೇಳಿಕೊಟ್ಟವರು ಅದೇ ಅಮ್ಮ. ಆದರೆ ಅದು ಗಂಡುಮಕ್ಕಳಿಗೆ ಹೇಳಿದ್ದಿರಬೇಕು.

ತಿಂಗಳ ಕೊನೆಯ ಶನಿವಾರ ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಮೂವರನ್ನೂ ಅಲ್ಲಿಗೇ ಕರೆದೆ. ಸಹಿ ತೆಗೆದುಕೊಂಡು ಹೋಗಬಹುದೆಂದು ಮಗ ಖುಷಿಯಲ್ಲಿದ್ದ. ನಾನು ಚಹಾದ ಕೆಟಲಿನ ಮುಚ್ಚಳವನ್ನು ಓರೆ ಮಾಡಿಟ್ಟೆ. ಹಾಗೆ ಇಟ್ಟರೆ ಕೇಳದೆಯೇ ಬಿಸಿನೀರು ತುಂಬಿಸುತ್ತಾರೆ. "ಅಜ್ಜಿ, ಹೌ ಡು ಯೂ ನೋ ದಟ್?" ಎಂದಳು ಮೊಮ್ಮಗಳು. "ಅಜ್ಜಿಗೆ ಇನ್ನೂ ತುಂಬ ಗೊತ್ತುಂಟು" ಎಂದೆ.

ಗಾಡಿ ಬಂತು. ಸೊಸೆ ಬೆಂಗಳೂರಿನ ಹುಡುಗಿ, ಆಸ್ಪತ್ರೆಯಲ್ಲಿ ಡಾಕ್ಟರು. ಸೀಗಡಿಯ ಬುಟ್ಟಿ ನೋಡಿ, "ಪರ್ವಾಗಿಲ್ಲ ಅತ್ತೆ, ನಂಗೆ ಬೇಡ" ಎಂದಳು. ಗಾಡಿ ಮುಂದೆ ಹೋಯಿತು. ಅವಳ ಕಣ್ಣು ಗಾಡಿಯ ಹಿಂದೆಯೇ ಹೋದದ್ದನ್ನು ನಾನು ನೋಡಿದೆ.

"ಬೇಕಿದ್ರೆ ಕರಿ, ಮಾರಾಯ್ತಿ" ಎಂದೆ. "ಇಲ್ಲಿ ಯಾರೂ ಎರಡನೇ ಸಲ ಕೇಳುದಿಲ್ಲ."

ಅವಳು ನನ್ನ ಮುಖವನ್ನೇ ನೋಡಿ, ನಕ್ಕು, ಕೈ ಎತ್ತಿದಳು. ಎರಡು ಬುಟ್ಟಿ ತರಿಸಿದಳು.

ಎಲ್ಲರ ಹೊಟ್ಟೆಗೂ ಸ್ವಲ್ಪ ಬಿದ್ದ ಮೇಲೆ ಚೀಲದಿಂದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಸಹಿಯ ಜಾಗ ಖಾಲಿ ಇತ್ತು.

"ನಾನು ನಿಮ್ಮಲ್ಲಿಗೆ ಇರ್ಲಿಕ್ಕೆ ಬರುದಿಲ್ಲ" ಎಂದೆ.

ಮಗನ ಚಾಪ್‌ಸ್ಟಿಕ್ಕು ಅಲ್ಲೇ ನಿಂತಿತು. "ಯಾಕಮ್ಮ? ನಿಮ್ಮಿಷ್ಟ ಅಂತ ನೀನೇ ಹೇಳಿದ್ದಲ್ವಾ?"

"ಹೇಳಿದ್ದು ಹೌದು. ಅದು ನನ್ನದೇ ತಪ್ಪು. ಈಗ ನನ್ನಿಷ್ಟ ಹೇಳ್ತಿದ್ದೇನೆ. ಶುಕ್ರವಾರ ಪುಟ್ಟಿಯನ್ನು ನಾನು ಸ್ಕೂಲಿಂದ ಕರ್ಕೊಂಡು ಬರ್ತೇನೆ, ರಾತ್ರಿ ನನ್ನೊಟ್ಟಿಗೆ ಇರ್ಲಿ. ಆದರೆ ನನ್ನ ಮನೆ ಬಿಡುದಿಲ್ಲ. ನನಗೆ ಬೇಡ."

"ಒಬ್ಳೇ ಇದೀಯ ಅಂತ ನಂಗೆ ನಿದ್ದೆ ಬರಲ್ಲಮ್ಮ. ಏನಾದ್ರೂ ಆದ್ರೆ ಯಾರಿದಾರೆ? ಬಂದ್ಬಿಡು."

"ಬೇಡ" ಎಂದೆ. ನನಗೆ ನನ್ನ ಗುರುತೇ ಸಿಗಲಿಲ್ಲ.

ಅವನು ಮೇಜಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡ. ಸಣ್ಣವನಿದ್ದಾಗ ಜ್ವರ ಬಂದರೆ ಹಿಡಿದುಕೊಳ್ಳುತ್ತಿದ್ದ ಹಾಗೆಯೇ. ಧ್ವನಿ ಇಳಿಸಿ ಹೇಳಿದ, "ಅಮ್ಮಾ, ಪ್ಲೀಸ್. ನಂಗೋಸ್ಕರ ಬಾ."

ಅದು ಮೂರನೆಯ ಸಲ. ಅವನಿಗೆ ಆ ಲೆಕ್ಕ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹೀಗೆ ಯಾರಾದರೂ ಮೂರನೆಯ ಸಲ ಕೈ ಹಿಡಿದು ಒತ್ತಾಯ ಮಾಡಲಿ ಎಂದು ನಾನು ಜೀವನವಿಡೀ ಕಾದಿದ್ದೆ. ಅಮ್ಮ ಕಲಿಸಿದ ಕ್ರಮದಲ್ಲಿ ಈಗ ನಾನು ಗೊಣಗುತ್ತಾ ಹ್ಞೂಂ ಎನ್ನಬೇಕು. ಆ ಹ್ಞೂಂ ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಸೊಸೆ ತಟ್ಟೆಯ ಮೇಲಿನ ಕಣ್ಣೆತ್ತಿ ನನ್ನನ್ನೇ ನೋಡುತ್ತಿದ್ದಳು.

"ನಿನ್ನ ಮೇಲೆ ಪ್ರೀತಿ ಉಂಟು ಮಗಾ, ತುಂಬ ಉಂಟು" ಎಂದೆ. "ಬೇಡ."

ಕಾಗದವನ್ನು ಎರಡು ತುಂಡು ಮಾಡಿ, ಮಡಚಿ ಚೀಲಕ್ಕೆ ಹಾಕಿಕೊಂಡೆ. ಮಗ ನನ್ನ ಕೈ ಬಿಟ್ಟು ಕಿಟಕಿಯ ಕಡೆ ತಿರುಗಿದ. ಅವನಿಗೆ ನೋವಾಗಿತ್ತು. ನನಗೂ ಆಗಿತ್ತು. ಆದರೂ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ನಾನು ತಯಾರಿರಲಿಲ್ಲ.

ಅಷ್ಟರಲ್ಲಿ ಆ ಹೆಂಗಸು ಮೊಟ್ಟೆಯ ಟಾರ್ಟುಗಳ ಗಾಡಿ ತಂದಳು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು, ನಡುವೆ ಹಳದಿ, ಒಲೆಯಿಂದ ಆಗಷ್ಟೇ ಬಂದವು. ಚಿಕ್ಕಂದಿನಿಂದಲೂ ಇವನಿಗೆ ಸಿಹಿ ಎಂದರೆ ಪ್ರಾಣ. "ಯೆಸ್ ಆರ್ ನೋ?" ಎಂದು ಅವನನ್ನು ಕೇಳಿದಳು.

ಮುನಿಸಿನಲ್ಲೇ "ನೋ, ಥ್ಯಾಂಕ್ ಯೂ" ಎಂದ.

ಅವಳು ಗಾಡಿ ತಳ್ಳಿದಳು. ಕರೆದು ಅವನ ತಟ್ಟೆಗೆ ಎರಡು ಹಾಕಿಸಲು ನನ್ನ ಕೈ ಚಡಪಡಿಸಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತೆ. ಗಾಡಿ ಒಂದು ಮೇಜು ದಾಟಿತು, ಇನ್ನೊಂದು ಮೇಜು ದಾಟಿತು. ಆಗ ಮಗ ತಿರುಗಿ, ಕೈ ಎತ್ತಿ, "ಎಕ್ಸ್‌ಕ್ಯೂಸ್ ಮೀ!" ಎಂದು ಕೂಗಿದ.

ತಟ್ಟೆ ಬಂತು. ಒಂದನ್ನೆತ್ತಿ ನನ್ನ ತಟ್ಟೆಗೆ ಹಾಕಲು ಬಂದವನು, ಹಾಕದೆ, ಕೈ ನಡುವಲ್ಲೇ ಹಿಡಿದು ಕೇಳಿದ.

"ಅಮ್ಮಾ, ಬೇಕಾ?"

"ಬೇಕು" ಎಂದೆ, ಮೊದಲನೆಯ ಸಲಕ್ಕೇ.