ನಗುತ್ತಾ ಓದಿದ ತಿದ್ದುಪಡಿ

ಬಳ್ಳಾರಿಯ ಕೇಬಲ್ ಚಾನೆಲ್ಲೊಂದರಲ್ಲಿ ನಾನು ಸಂಜೆಯ ವಾರ್ತೆ ಓದುತ್ತೇನೆ. ಸ್ಟುಡಿಯೋ ಅಂದರೆ ಅಂಗಡಿಯ ಮೇಲಿನ ಒಂದು ಕೋಣೆ, ಬೆನ್ನ ಹಿಂದೆ ನೀಲಿ ಬಟ್ಟೆ. ಸದ್ದಾಗುತ್ತದೆಂದು ಫ್ಯಾನ್ ಆರಿಸುತ್ತಾರೆ. ನಮ್ಮ ಸೆಕೆಗೆ ಮುಖ್ಯಾಂಶ ಮುಗಿಯುವಷ್ಟರಲ್ಲಿ ನನ್ನ ಪೌಡರು ಕುತ್ತಿಗೆಗೆ ಇಳಿದಿರುತ್ತದೆ. ತಪ್ಪುಗಳಿಗಂತೂ ಬರವಿಲ್ಲ. ಮದುವೆಯ ಮೆರವಣಿಗೆ ತೋರಿಸಿ ಪ್ರತಿಭಟನೆ ಅಂದಿದ್ದೇವೆ. ಮುಖಂಡರೊಬ್ಬರ ಹುಟ್ಟುಹಬ್ಬಕ್ಕೆ ಶ್ರದ್ಧಾಂಜಲಿಯ ಸಂಗೀತ ಹಾಕಿದ್ದೇವೆ. ಜನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕಾಲೆಳೆಯುತ್ತಾರೆ, ನಾನೂ ನಗುತ್ತೇನೆ. ನಮ್ಮ ಮ್ಯಾನೇಜರ್ ಕಲಿಸಿದ ಪಾಠ ಒಂದೇ: ಸಾವಿನ ಸುದ್ದಿಗೆ ದನಿ ಇಳಿಸಬೇಕು, ಒಳ್ಳೆಯ ಸುದ್ದಿಗೆ ಮುಖ ಅರಳಬೇಕು. ಸುದ್ದಿ ನಿಜವೋ ಸುಳ್ಳೋ ಎಂದು ನೋಡುವ ಪಾಠ ಅವರ ಹತ್ತಿರ ಇರಲಿಲ್ಲ.

ಭತ್ತದ ಕೊಯ್ಲು ನಡೆದಿತ್ತು. ಒಂದು ಸಂಜೆ ನಾನು ಓದಲು ಕೂತಾಗಲೇ ಸಿರುಗುಪ್ಪದ ವರದಿಗಾರನ ಫೋನ್ ಬಂತು. ಹಚ್ಚೊಳ್ಳಿಯಿಂದ ಮಿಲ್ಲಿಗೆ ಭತ್ತ ತರುತ್ತಿದ್ದ ಟ್ರ್ಯಾಕ್ಟರ್ ಕಾಲುವೆಗೆ ಉರುಳಿದೆ, ಓಡಿಸುತ್ತಿದ್ದವರು ತೀರಿಹೋಗಿದ್ದಾರೆ ಎಂದ. ಹೆಸರನ್ನೂ ಕೊಟ್ಟ. ಎಲ್ಲರಿಗಿಂತ ಮೊದಲು ನಾವೇ ಹೇಳಬೇಕೆಂದು ಮ್ಯಾನೇಜರ್ ಚೀಟಿ ಬರೆದು ಮುಂದಿಟ್ಟರು. ನಾನು ದನಿ ಇಳಿಸಿ ಓದಿದೆ.

ಆ ಹೆಸರು ಎಲ್ಲಿಂದ ಬಂತೆಂದು ಆಮೇಲೆ ಗೊತ್ತಾಯಿತು. ನಮ್ಮ ಕಡೆ ಟ್ರ್ಯಾಲಿಯ ಹಿಂದೆ ಮಾಲೀಕನ ಹೆಸರು, ಊರು ದಪ್ಪಕ್ಷರದಲ್ಲಿ ಬರೆಸುತ್ತಾರೆ. ವರದಿಗಾರ ಮಹಾಶಯ ಕಾಲುವೆಯ ದಂಡೆಯ ಮೇಲೆ ನಿಂತು ಅದನ್ನೇ ಓದಿ ಹೇಳಿದ್ದ. ಸತ್ತವನ ಮುಖ ನೋಡಿದವರನ್ನು ಒಂದು ಮಾತೂ ಕೇಳಿರಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಜಾಹೀರಾತು ಬರುವ ಹೊತ್ತಿಗೆ ಸ್ವತಃ ಮಾಲೀಕನೇ ಫೋನ್ ಮಾಡಿದ. "ಏನ್ ಸುದ್ದಿ ಓದ್ತೀರ್ರೀ ನೀವು? ನಾ ಇಲ್ಲಿ ಕುರುಗೋಡಿನ್ಯಾಗ ಚಾ ಕುಡಿಯಾಕತ್ತೀನಿ, ಸಾಯಿಸಿಬಿಟ್ರೆಲ್ಲ ನನ್ನ!"

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮ್ಯಾನೇಜರ್ ಗಡಿಬಿಡಿಯಲ್ಲಿ ತಿದ್ದುಪಡಿ ಬರೆದರು.

"ಹಂಗಾರ ಸತ್ತವರು ಯಾರು?" ಎಂದು ಕೇಳಿದೆ.

"ಅದು ಆಮ್ಯಾಲೆ ನೋಡೂಣ್ರಿ. ಮೊದ್ಲು ಇದನ್ನ ಓದ್ರಿ, ಒಳ್ಳೆ ಸುದ್ದಿ ಐತಿ, ಮಾರಿ ಸ್ವಲ್ಪ ನಗತಿರ್ಲಿ."

ಟ್ರ್ಯಾಕ್ಟರ್ ಮಾಲೀಕರು ಸುರಕ್ಷಿತವಾಗಿದ್ದಾರೆ, ತಪ್ಪಿಗೆ ವಿಷಾದಿಸುತ್ತೇವೆ ಎಂದು ಓದಿದೆ. ಹೇಳಿದಂತೆ ನಕ್ಕೆ. ಅಲ್ಲಿಗೆ ವಾರ್ತೆ ಮುಗಿಯಿತು.

ಸತ್ತವನು ಆ ಮಾಲೀಕರ ಬಳಿ ದುಡಿಯುತ್ತಿದ್ದ ಡ್ರೈವರ್. ಅವನ ಹೆಸರನ್ನು ಮರುದಿನ ಓದಲೇಬೇಕೆಂದೆ. "ನಿನ್ನೆದು ಹಳೇದಾತ್ರಿ" ಅಂದರು ಮ್ಯಾನೇಜರ್. ಮಾಲೀಕನೇ ಸತ್ತಿದ್ದರೆ ಹಳೆಯದಾಗುತ್ತಿತ್ತೇ ಎಂದು ಜಗಳ ತೆಗೆದೆ. ಕಡೆಗೆ ಹೆಸರು, ಊರು ಎರಡನ್ನೂ ಓದಿಯೇ ಎದ್ದೆ. ದೊಡ್ಡ ನ್ಯಾಯ ಕೊಡಿಸಿದವಳಂತೆ ಬೀಗಿದ್ದೂ ಉಂಟು. ಆದರೂ ಮನಸ್ಸು ತಡೆಯದೆ, ಕೆಲವು ದಿನ ಬಿಟ್ಟು ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಹಚ್ಚೊಳ್ಳಿಗೆ ಹೋದೆ.

ಡ್ರೈವರನ ಹೆಂಡತಿ ನನಗಿಂತ ಚಿಕ್ಕವಳು. ನೋಡಿದ ಕೂಡಲೇ ಗುರುತು ಹಿಡಿದಳು. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಚಾಪೆ ಹಾಸಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಕ್ಷಮೆ ಕೇಳಿದೆ. ಮರುದಿನ ಹೆಸರು ಓದಿದ್ದನ್ನೂ ಹೇಳಿದೆ.

"ಅದನ್ನ ನಾ ನೋಡಿಲ್ರಿ" ಅಂದಳು. "ಮೊದಲನೇ ದಿನದ್ದು ನೋಡೀನಿ."

ಆ ಸಂಜೆ ಮಾಲೀಕ ಸತ್ತನೆಂದು ನಾನು ಓದಿದಾಗ, ಒಲೆ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಅವರ ಮನೆಗೆ ಓಡಿದ್ದಳಂತೆ. ಎದೆ ಬಡಿದುಕೊಳ್ಳುತ್ತಿದ್ದ ಮಾಲೀಕನ ಹೆಂಡತಿಯನ್ನು ಹಿಡಿದುಕೊಂಡು ಕೂತಿದ್ದಳಂತೆ.

"ಟಿವಿಯಾಗ ಮಾಲಕರು ಅಂದ್ರೆಲ್ಲ, ಹಂಗಾರ ಟ್ರ್ಯಾಕ್ಟರ್ ಅವ್ರೇ ಓಡಿಸ್ಯಾರ, ನಮ್ಮನಿಯವ್ರು ಹೊಲದಾಗ ಅದಾರ ಅಂದ್ಕೊಂಡೆ. ದೇವ್ರು ನನ್ನ ಉಳಿಸಿದ ಅಂತ ಒಳಗೊಳಗ ಅಂದ್ಕೊಂಡಿದ್ದೆ ರೀ, ಸುಳ್ಳ್ಯಾಕ ಹೇಳ್ಲಿ."

ಅವಳೇ ಮುಂದುವರಿಸಿದಳು.

"ಆಮ್ಯಾಲೆ ನೀವು ನಕ್ಕೋತ ಬಂದ್ರಿ. ಮಾಲಕರು ಪಾರಾಗ್ಯಾರ ಅಂದ್ರಿ. ಅಡಗಿಮನಿಗೆ ಓಡಿ ಸಕ್ರಿ ತಂದು ಮಾಲಕರ ಮನಿ ಅಕ್ಕಾರ ಬಾಯಿಗೆ ಹಾಕಿದಾಕಿ ನಾನೇ ರೀ. ಇಬ್ರೂ ಅಪ್ಪಿಕೊಂಡು ನಕ್ಕಿವಿ. ನಗತಾ ನಗತಾ ಅಕ್ಕಾರು ನನ್ನ ಮಾರಿ ನೋಡಿ ಸುಮ್ನಾದ್ರು. ಯಾಕ್ರೀ ಅಕ್ಕಾ ಅಂದೆ. ಬಾಯಾಗಿನ ಸಕ್ರಿ ಸೆರಗಿಗೆ ಉಗುಳಿದ್ರು."